ಗುಂಪಿನಲ್ಲಿ ಸಾಕಿದ ಮೊಲಗಳ ಕಾಯಿಲೆ ಮತ್ತು ಗಾಯ: ದಾಂಡೇಲಿ, ಹಳಿಯಾಳ, ಜೋಯಿಡಾ ಹಾಗೂ ಮುಂಡಗೋಡ ತಾಲ್ಲೂಕುಗಳ ಸಾರ್ವಜನಿಕರಿಗೆ ಮಾಹಿತಿ

ಆಕಳು, ಎಮ್ಮೆ, ಮೇಕೆ ಅಥವಾ ನಾಯಿಗೆ ಕಾಯಿಲೆಯಾದಾಗ ಪಶು ಆಸ್ಪತ್ರೆಗೆ ಬರುವ ಸಾರ್ವಜನಿಕರು ಮೊಲದ ವಿಷಯದಲ್ಲಿ ಸಾಮಾನ್ಯವಾಗಿ ತಡಮಾಡುತ್ತಾರೆ. ಇದಕ್ಕೆ ಎರಡು ಕಾರಣಗಳಿರುತ್ತವೆ. ಮೊಲಕ್ಕೂ ಪಶು ಆಸ್ಪತ್ರೆಯಲ್ಲಿ ಚಿಕಿತ್ಸೆ ದೊರೆಯುತ್ತದೆಯೇ ಎಂಬ ಅನುಮಾನ ಮೊದಲನೆಯದು. ಎರಡನೆಯದು ಹೆಚ್ಚು ಗಂಭೀರವಾದುದು: ಮೊಲವು ತನ್ನ ಕಾಯಿಲೆಯನ್ನು ಬಚ್ಚಿಡುತ್ತದೆ. ಬೇಟೆಯಾಡುವ ಪ್ರಾಣಿಗಳಿಗೆ ಆಹಾರವಾಗುವ ಜೀವಿಯಾದುದರಿಂದ ನೋವಿದ್ದರೂ ಕೂಗದೆ, ನರಳದೆ, ಗುಂಪಿನ ನಡುವೆ ಸುಮ್ಮನೆ ಕುಳಿತಿರುವುದು ಅದರ ಸ್ವಭಾವ. ಹತ್ತು ಮೊಲಗಳಿರುವ ಗೂಡಿನಲ್ಲಿ ಒಂದು ಮೊಲ ಒಂದು ದಿನ ಊಟ ಬಿಟ್ಟರೆ ತಟ್ಟೆ ಆದಾಗ್ಯೂ ಖಾಲಿಯಾಗಿರುತ್ತದೆ. ಉಳಿದ ಒಂಬತ್ತು ಅದರ ಪಾಲನ್ನೂ ತಿಂದಿರುತ್ತವೆ. ಮಾಲೀಕರ ಗಮನಕ್ಕೆ ಬರುವ ಹೊತ್ತಿಗೆ ಅಮೂಲ್ಯವಾದ ಸಮಯ ಕಳೆದಿರುತ್ತದೆ. ಮೊದಲನೆಯ ಅನುಮಾನಕ್ಕೆ ಉತ್ತರ ಚಿಕ್ಕದು: ಪಶು ಆಸ್ಪತ್ರೆ, ಪಶು ಚಿಕಿತ್ಸಾಲಯಗಳಿಗೆ ಸಾಕು ಮೊಲಗಳನ್ನೂ ತರಬಹುದಾಗಿದೆ. ಎರಡನೆಯದಕ್ಕೆ ಸಂಬಂಧಿಸಿದಂತೆ ಈ ಪುಟದಲ್ಲಿ ವಿವರ ನೀಡಲಾಗಿದೆ.

ಸಾಕುಮೊಲ ಮತ್ತು ಕಾಡುಮೊಲ

ಕನ್ನಡದಲ್ಲಿ ಎರಡಕ್ಕೂ ಮೊಲವೆಂದೇ ಹೆಸರು. ಗಡಿಭಾಗದ ಮರಾಠಿ ಮನೆಗಳಲ್ಲಿಯೂ ಎರಡೂ ಸಸಾ ಎಂದೇ ಕರೆಯಲ್ಪಡುತ್ತವೆ. ಆದರೆ ಇವು ಬೇರೆ ಬೇರೆ ಪ್ರಾಣಿಗಳು. ಮನೆಗಳಲ್ಲಿ ಸಾಕುವ ಬಿಳಿ, ಬೂದು, ಕಪ್ಪು ಬಣ್ಣದ ಮೊಲಗಳು ಯುರೋಪಿನ ಮೂಲದ ತಳಿಗಳು. ಹೊಲದ ಬದು, ಬೇಣ, ಕಾಡಿನ ಅಂಚಿನಲ್ಲಿ ಕಾಣುವ ಕಂದು ಬಣ್ಣದ, ಉದ್ದ ಕಾಲಿನ, ಕುತ್ತಿಗೆಯ ಹಿಂಭಾಗ ಕಪ್ಪಗಿರುವ ಮೊಲವು ವನ್ಯಪ್ರಾಣಿಯಾಗಿದ್ದು, 1972ರ ವನ್ಯಜೀವಿ (ಸಂರಕ್ಷಣೆ) ಅಧಿನಿಯಮದ ರಕ್ಷಣೆಗೆ ಒಳಪಟ್ಟಿರುತ್ತದೆ. ಅದನ್ನು ಹಿಡಿಯುವುದು, ಸಾಕುವುದು, ಮಾರುವುದು ಅಪರಾಧ. 2007ರಲ್ಲಿ ದಾಂಡೇಲಿ–ಅಣಶಿ ಹುಲಿ ಸಂರಕ್ಷಿತ ಪ್ರದೇಶವೆಂದು ಘೋಷಿತವಾಗಿ 2015ರಿಂದ ಕಾಳಿ ಹುಲಿ ಸಂರಕ್ಷಿತ ಪ್ರದೇಶವೆಂಬ ಹೆಸರು ಪಡೆದ ಕಾಡಿನ ಸುತ್ತಲಿನ ಗ್ರಾಮಗಳಲ್ಲಿ ಈ ವ್ಯತ್ಯಾಸವನ್ನು ಮಕ್ಕಳಿಗೂ ತಿಳಿಸಿಕೊಡುವುದು ಅವಶ್ಯ.

ಹುಲ್ಲು ಕೊಯ್ಯುವಾಗ ಒಂಟಿ ಮರಿ ಸಿಕ್ಕಿತೆಂದು ಮನೆಗೆ ತಂದು ಸಾಕುಮೊಲಗಳ ಗೂಡಿಗೆ ಬಿಡುವುದು ಎರಡು ಬಗೆಯ ತಪ್ಪು. ಕಾಡುಮೊಲದ ಮರಿ ಹುಟ್ಟುವಾಗಲೇ ಮೈತುಂಬ ರೋಮವಿದ್ದು ಕಣ್ಣು ತೆರೆದಿರುತ್ತದೆ. ತಾಯಿಯು ಅದನ್ನು ಹುಲ್ಲಿನಲ್ಲಿ ಅಡಗಿಸಿಟ್ಟು ದೂರ ಹೋಗಿರುತ್ತದೆ, ದಿನದಲ್ಲಿ ಒಂದೆರಡು ಬಾರಿ ಮಾತ್ರ, ಬಹುತೇಕ ಕತ್ತಲಾದ ಮೇಲೆ, ಬಂದು ಹಾಲುಣಿಸುತ್ತದೆ. ಒಂಟಿಯಾಗಿರುವ ಮರಿ ಅನಾಥವಲ್ಲ. ಅದನ್ನು ಇದ್ದಲ್ಲಿಯೇ ಬಿಡತಕ್ಕದ್ದು. ಗಾಯಗೊಂಡಿದ್ದಲ್ಲಿ ಸಮೀಪದ ವಲಯ ಅರಣ್ಯಾಧಿಕಾರಿಗಳ ಕಚೇರಿಗೆ ಅಥವಾ ಅರಣ್ಯ ಸಹಾಯವಾಣಿ 1926ಕ್ಕೆ ತಿಳಿಸುವುದು. ಎರಡನೆಯ ತಪ್ಪು ಏನೆಂದರೆ, ಕಾಡಿನಿಂದ ಬಂದ ಮರಿಯ ಮೈಮೇಲಿನ ಉಣ್ಣೆ, ನುಸಿಗಳು ಒಂದೇ ದಿನದಲ್ಲಿ ಗೂಡಿನ ಎಲ್ಲ ಮೊಲಗಳಿಗೂ ಹತ್ತುತ್ತವೆ.

ಊಟ ಬಿಟ್ಟ ಮೊಲ

ಈ ಪುಟದಲ್ಲಿ ಒಂದೇ ವಿಷಯವನ್ನು ನೆನಪಿಡಲು ಸಾಧ್ಯವೆಂದಾದರೆ ಅದು ಇದಾಗಿರಲಿ. ಮೊಲವು 10ರಿಂದ 12 ಗಂಟೆಗಳ ಕಾಲ ಏನನ್ನೂ ತಿನ್ನದೆ, ಹಿಕ್ಕೆಯನ್ನೂ ಹಾಕದೆ ಇದ್ದಲ್ಲಿ ಅದು ತುರ್ತು ಪರಿಸ್ಥಿತಿ. ಆಕಳು ಒಂದು ಹೊತ್ತು ಮೇವು ಬಿಟ್ಟರೆ ನಾಳೆ ನೋಡೋಣವೆನ್ನಬಹುದು, ನಾಯಿ ಒಂದು ದಿನ ಉಪವಾಸವಿದ್ದರೂ ಚೇತರಿಸಿಕೊಳ್ಳಬಹುದು; ಮೊಲದಲ್ಲಿ ಹಾಗಲ್ಲ. ಅದರ ಕರುಳು ನಾರಿನಂಶದ ಮೇವು ಸತತವಾಗಿ ಸಾಗುತ್ತಿದ್ದರೆ ಮಾತ್ರ ಚಲಿಸುತ್ತದೆ. ಮೇವು ನಿಂತರೆ ಕರುಳಿನ ಚಲನೆ ನಿಧಾನವಾಗಿ, ಒಳಗೆ ವಾಯು ತುಂಬಿ, ನೋವಿನಿಂದ ಮೊಲವು ಇನ್ನಷ್ಟು ಊಟ ಬಿಡುತ್ತದೆ. ಮೊಲಕ್ಕೆ ವಾಂತಿ ಮಾಡಿಕೊಳ್ಳುವ ಶಕ್ತಿ ಇಲ್ಲ. ಒಳಗೆ ಹೋದುದು ಮುಂದೆಯೇ ಸಾಗಬೇಕು. ಈ ಸರಪಳಿ ಒಂದೆರಡು ದಿನಗಳಲ್ಲಿ ಪ್ರಾಣಕ್ಕೆ ಎರವಾಗಬಹುದು.

ಊಟ ಬಿಡುವುದು ಸ್ವತಃ ಒಂದು ಕಾಯಿಲೆಯಲ್ಲ, ಹಲವು ಕಾಯಿಲೆಗಳ ಗುರುತು. ಹಲ್ಲು ನೋವು, ಗಾಯ, ಬಿಸಿಲಿನ ತಾಪ, ನಾಯಿಯ ಬೆದರಿಕೆ, ಜೊತೆಗಾರ ಮೊಲದ ಸಾವು, ಪಟಾಕಿ ಶಬ್ದ, ಮೇವಿನ ದಿಢೀರ್ ಬದಲಾವಣೆ ಇವುಗಳಲ್ಲಿ ಯಾವುದೂ ಕಾರಣವಿರಬಹುದು. ಹಲ್ಲಿನ ವಿಷಯ ವಿಶೇಷವಾಗಿ ಗಮನಾರ್ಹ. ಮೊಲದ ಹಲ್ಲುಗಳು ಜೀವಮಾನವಿಡೀ ಬೆಳೆಯುತ್ತವೆ. ಮುಂದಿನ ಬಾಚಿಹಲ್ಲು ವಾರಕ್ಕೆ ಸುಮಾರು 2ರಿಂದ 3 ಮಿಲಿಮೀಟರ್‌ನಷ್ಟು ಬೆಳೆಯುತ್ತದೆ. ಒಣಹುಲ್ಲನ್ನು ಅಗಿದಾಗ ಮಾತ್ರ ಅದು ಸವೆಯುತ್ತದೆ. ಅನ್ನ, ರೊಟ್ಟಿ, ಬಿಸ್ಕತ್ತು, ಕ್ಯಾರೆಟ್ ತುಂಡುಗಳ ಮೇಲೆಯೇ ಬೆಳೆದ ಮೊಲದ ದವಡೆಹಲ್ಲುಗಳು ಮೊನೆಯಾಗಿ ನಾಲಿಗೆ, ಕೆನ್ನೆಗಳನ್ನು ಕೊರೆಯುತ್ತವೆ. ಮೇವಿನ ಬಳಿ ಬಂದು, ಮೂಸಿ, ಬಾಯಿಗೆ ಹಾಕಿ, ಮತ್ತೆ ಉಗುಳುವ ಮೊಲಕ್ಕೆ ಹಸಿವಿದೆ, ಆದರೆ ನೋವಿದೆ ಎಂದು ತಿಳಿಯತಕ್ಕದ್ದು. ಗಲ್ಲ ಒದ್ದೆಯಾಗಿ ಜೊಲ್ಲು ಸುರಿಯುತ್ತಿರುವುದೂ ಇದರ ಗುರುತು. ಬೆಳೆದ ಬಾಚಿಹಲ್ಲನ್ನು ಮನೆಯಲ್ಲಿ ನೈಲ್‌ಕಟರ್‌ನಿಂದ ಕತ್ತರಿಸಿದರೆ ಹಲ್ಲು ಬುಡದವರೆಗೆ ಸೀಳಿ ಕೀವಾಗುತ್ತದೆ.

ಗುಂಪಿನಲ್ಲಿ ಇದನ್ನು ಕಂಡುಹಿಡಿಯುವ ಸುಲಭ ಉಪಾಯ ಸಂಜೆಯ ಹಾಜರಿ. ಪ್ರತಿದಿನ ಒಂದೇ ಹೊತ್ತಿಗೆ, ಒಬ್ಬರೇ, ಪ್ರತಿ ಮೊಲಕ್ಕೂ ಕೊತ್ತಂಬರಿ ಸೊಪ್ಪಿನ ಒಂದು ಕಡ್ಡಿಯನ್ನು ಕೈಯಿಂದಲೇ ಕೊಡುವುದು. ಓಡಿಬಂದು ತಿನ್ನುವ ಮೊಲ ಆರೋಗ್ಯವಾಗಿದೆ. ಬಾರದೆ ಮೂಲೆಯಲ್ಲಿ ಬೆನ್ನು ಗೂನು ಮಾಡಿ, ಕಣ್ಣು ಅರೆಮುಚ್ಚಿ, ಹಲ್ಲು ಕಟಕಟಿಸುತ್ತ ಕುಳಿತ ಮೊಲವನ್ನು ಆ ರಾತ್ರಿ ಬೇರೆ ಪೆಟ್ಟಿಗೆಯಲ್ಲಿ ಇರಿಸಿ, ಬೆಳಿಗ್ಗೆ ಹಿಕ್ಕೆ ಎಣಿಸಬೇಕು. ಗುಂಡಗಿನ, ಒಣಗಿದ, ಒಂದೇ ಗಾತ್ರದ ಹಿಕ್ಕೆ ಬಹಳಷ್ಟು ಇದ್ದರೆ ಚಿಂತೆಯಿಲ್ಲ. ಚಿಕ್ಕದಾಗುತ್ತ ಬಂದಿದ್ದರೆ, ರೋಮದ ಎಳೆಯಿಂದ ಮಣಿಸರದಂತೆ ಜೋಡಿಸಿದಂತಿದ್ದರೆ, ಅಥವಾ ಒಂದೂ ಇಲ್ಲದಿದ್ದರೆ ಅದೇ ಬೆಳಿಗ್ಗೆ ಆಸ್ಪತ್ರೆಗೆ ಹೊರಡತಕ್ಕದ್ದು. ಈಗಾಗಲೇ ಹೊಟ್ಟೆ ಉಬ್ಬಿದ್ದರೆ ಅಥವಾ ಕಿವಿ ತಣ್ಣಗಾಗಿದ್ದರೆ ಬೆಳಗಿನವರೆಗೆ ಕಾಯದೆ ಕರೆ ಮಾಡತಕ್ಕದ್ದು.

ಗಾಬರಿಪಡಬೇಕಾಗಿಲ್ಲದ ಎರಡು ಸಂಗತಿಗಳನ್ನು ಇಲ್ಲಿಯೇ ಹೇಳುವುದು ಸೂಕ್ತ. ಮೊಲವು ದ್ರಾಕ್ಷಿ ಗೊಂಚಲಿನಂತಹ ಮೆತ್ತನೆಯ ಹಿಕ್ಕೆಯನ್ನು ಹಾಕಿ ಅದನ್ನು ತಾನೇ ತಿನ್ನುತ್ತದೆ. ಇದು ಅದರ ಜೀರ್ಣಕ್ರಿಯೆಯ ಸಹಜ ಭಾಗವಾಗಿದ್ದು ತಡೆಯಬಾರದು. ಮೂತ್ರವು ಕೆಲವು ಸೊಪ್ಪುಗಳನ್ನು ತಿಂದಾಗ ಕೆಂಪು ಅಥವಾ ಕಿತ್ತಳೆ ಬಣ್ಣಕ್ಕೆ ತಿರುಗಬಹುದು. ಮೂತ್ರವೆಲ್ಲ ಒಂದೇ ಬಣ್ಣವಿದ್ದರೆ ಬಹುಮಟ್ಟಿಗೆ ಸೊಪ್ಪಿನದು. ನಡುನಡುವೆ ರಕ್ತದ ಹನಿ, ಹೆಪ್ಪು ಕಂಡರೆ ವೈದ್ಯರಿಗೆ ತೋರಿಸುವುದು.

ಬೇರ್ಪಡಿಸುವುದು

ಒಂದು ಮೊಲ ಕಾಯಿಲೆಬಿದ್ದಾಗ ಮೊದಲು ಔಷಧ ಹುಡುಕುವುದಲ್ಲ, ಮೊದಲು ಬೇರ್ಪಡಿಸುವುದು. ಸೀನು, ಮೂಗಿನಿಂದ ಸಿಂಬಳ, ಭೇದಿ, ಕಜ್ಜಿ, ರೋಮ ಉದುರಿದ ದುಂಡು ಕಲೆಗಳು ಇವುಗಳಲ್ಲಿ ಯಾವುದೇ ಇದ್ದರೂ ಆ ಮೊಲವನ್ನು ಬೇರೆ ಕೋಣೆಗೆ ಒಯ್ಯಬೇಕು. ಅದೇ ಗೂಡಿನ ನಡುವೆ ಜಾಲರಿ ಹಾಕಿದರೆ ಸಾಲದು. ಅದರ ತಟ್ಟೆ, ನೀರಿನ ಬಟ್ಟಲು, ಗೋಣಿಚೀಲಗಳೂ ಪ್ರತ್ಯೇಕವಾಗಿರಬೇಕು. ಮೇವು ಹಾಕುವಾಗ ಆರೋಗ್ಯವಂತ ಮೊಲಗಳಿಂದ ಆರಂಭಿಸಿ ಕಾಯಿಲೆಯ ಮೊಲವನ್ನು ಕೊನೆಗೆ ಮುಟ್ಟಿ, ಸೋಪಿನಿಂದ ಕೈ ತೊಳೆಯುವುದು. ಈ ಕ್ರಮ ತಿರುಗುಮುರುಗಾದರೆ ಕಾಯಿಲೆಯನ್ನು ಗೂಡಿನಿಂದ ಗೂಡಿಗೆ ಕೊಂಡೊಯ್ಯುವವರು ಮಾಲೀಕರೇ ಆಗುತ್ತಾರೆ.

ಕಾಲು ಉಳುಕು, ಹಲ್ಲು, ಹೊಟ್ಟೆ ಉಬ್ಬರದಂತಹ ಅಂಟದ ತೊಂದರೆಗಳಲ್ಲಿ ಮಾತ್ರ ಒಂಟಿಯಾಗಿ ಇಡುವುದು ಹಾನಿಕರ. ಜೊತೆಗಾರನಿಂದ ಅಗಲಿದ ಮೊಲ ಅದೇ ಕಾರಣಕ್ಕೆ ಊಟ ಬಿಡಬಹುದು. ಅಂತಹ ಸಂದರ್ಭದಲ್ಲಿ ಶಾಂತ ಸ್ವಭಾವದ ಜೊತೆಗಾರ ಮೊಲವನ್ನು ಸಮೀಪದಲ್ಲಿಯೇ ಇರಿಸುವುದು, ಆಸ್ಪತ್ರೆಗೂ ಜೊತೆಯಲ್ಲಿಯೇ ಕರೆತರುವುದು ಒಳ್ಳೆಯದು. ಗುಣವಾದ ಮೊಲವನ್ನು ಹಲವು ದಿನಗಳ ನಂತರ ಒಮ್ಮೆಲೇ ಗುಂಪಿಗೆ ಬಿಟ್ಟರೆ ಉಳಿದವು ಅದನ್ನು ಹೊಸದೆಂದು ಬಗೆದು ಕಚ್ಚುತ್ತವೆ. ಒಂದೆರಡು ದಿನ ಜಾಲರಿಯ ಆಚೀಚೆ ಇರಿಸಿ ನಂತರ ಬಿಡಬೇಕು. ಸಂತೆಯಿಂದಲೋ ನೆಂಟರ ಮನೆಯಿಂದಲೋ ತಂದ ಹೊಸ ಮೊಲಕ್ಕೆ ಕನಿಷ್ಠ 2 ವಾರ, ಸಾಧ್ಯವಾದರೆ ಒಂದು ತಿಂಗಳು ಪ್ರತ್ಯೇಕ ವಾಸ ಅವಶ್ಯ. ಈ ಒಂದು ನಿಯಮವನ್ನು ಪಾಲಿಸದಿರುವುದರಿಂದ ಆಗುವಷ್ಟು ನಷ್ಟ ಬೇರಾವುದರಿಂದಲೂ ಆಗುವುದಿಲ್ಲವೆಂದರೆ ತಪ್ಪಾಗಲಾರದು.

ಮಳೆಗಾಲದ ಕಾಯಿಲೆಗಳು

ನಾಲ್ಕು ತಾಲ್ಲೂಕುಗಳ ಹವೆ ಒಂದೇ ತೆರನಾಗಿಲ್ಲ. ಕ್ಯಾಸಲ್‌ರಾಕ್, ಅಣಶಿ, ಕುಂಬಾರವಾಡ ಕಡೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಿಸಿಲು ಕಾಣುವುದೇ ಅಪರೂಪ; ಹಳಿಯಾಳ, ಮುಂಡಗೋಡದ ಪೂರ್ವ ಭಾಗ ಬಯಲುಸೀಮೆಯ ಹವೆಗೆ ಹತ್ತಿರ. ಆದುದರಿಂದ ಜೋಯಿಡಾದ ಮೊಲಕ್ಕೆ ತೇವ ಶತ್ರುವಾದರೆ ಹಳಿಯಾಳದ ಮೊಲಕ್ಕೆ ಏಪ್ರಿಲ್, ಮೇ ತಿಂಗಳ ತಾಪ ಶತ್ರು.

ತೇವದ ಗೂಡಿನಲ್ಲಿ ಮೊದಲು ಸಾಯುವುದು ಮರಿಗಳು. ತಾಯಿಯ ಹಾಲು ಬಿಟ್ಟ ನಂತರದ 1ರಿಂದ 4 ತಿಂಗಳ ವಯಸ್ಸಿನಲ್ಲಿ ಕಾಕ್ಸಿಡಿಯೋಸಿಸ್ ಎಂಬ ಕರುಳು ಮತ್ತು ಯಕೃತ್ತಿನ ಕಾಯಿಲೆ ಹೆಚ್ಚು. ಹೊಟ್ಟೆ ದೊಡ್ಡದಾಗಿ ಬೆನ್ನೆಲುಬು ಎದ್ದು ಕಾಣುವುದು, ನೀರಾದ ಅಥವಾ ರಕ್ತಮಿಶ್ರಿತ ಭೇದಿ, ಬೆಳವಣಿಗೆ ನಿಲ್ಲುವುದು ಇದರ ಲಕ್ಷಣಗಳು. ಕೆಲವು ಮರಿಗಳು ಲಕ್ಷಣವಿಲ್ಲದೆಯೇ ಸಾಯುತ್ತವೆ. ಕಾಯಿಲೆಯ ಸೂಕ್ಷ್ಮಾಣುವು ಹಿಕ್ಕೆಯ ಮೂಲಕ ಹೊರಬರುತ್ತದೆ, ಆದರೆ ಹೊರಬಿದ್ದ ತಕ್ಷಣ ಅದು ಸೋಂಕು ತಗುಲಿಸಲಾರದು. ತೇವ ಮತ್ತು ಬೆಚ್ಚಗಿನ ವಾತಾವರಣದಲ್ಲಿ ಬಲಿಯಲು ಅದಕ್ಕೆ ಸುಮಾರು 2 ದಿನ ಅಥವಾ ಹೆಚ್ಚು ಕಾಲ ಬೇಕು. ಇದರ ಅರ್ಥ ಸ್ಪಷ್ಟ: ಪ್ರತಿದಿನ ಹಿಕ್ಕೆ ತೆಗೆದ ಗೂಡಿನಲ್ಲಿ ಕಾಯಿಲೆ ಬೇರೂರಲು ಅವಕಾಶವಿಲ್ಲ, ವಾರಕ್ಕೊಮ್ಮೆ ತೆಗೆದ ಗೂಡಿನಲ್ಲಿ ಅದಕ್ಕೆ ಎಲ್ಲ ಅನುಕೂಲವೂ ಇದೆ. ಫಿನಾಯಿಲ್ ಈ ಸೂಕ್ಷ್ಮಾಣುವನ್ನು ಕೊಲ್ಲುವುದಿಲ್ಲ. ಕುದಿಯುವ ನೀರು ಮತ್ತು ಚೆನ್ನಾಗಿ ಒಣಗಿಸುವುದು ಕೊಲ್ಲುತ್ತವೆ. ಬಿಸಿಲಿಲ್ಲದ ಊರುಗಳಲ್ಲಿ ಗೂಡಿನ ತಳಕ್ಕೆ ಎರಡು ಜೊತೆ ಹಲಗೆ ಮಾಡಿಸಿಟ್ಟುಕೊಂಡು, ಒಂದನ್ನು ಬಚ್ಚಲ ಒಲೆಯ ಬಳಿ ಒಣಗಿಸುತ್ತ ಮತ್ತೊಂದನ್ನು ಬಳಸುವುದು ಖರ್ಚಿಲ್ಲದ ಉಪಾಯ. ಒಂದು ಮರಿಯಲ್ಲಿ ಈ ಕಾಯಿಲೆ ದೃಢಪಟ್ಟರೆ ಗುಂಪಿನ ಎಲ್ಲ ಮೊಲಗಳಿಗೂ ಸೋಂಕು ತಗುಲಿರುವ ಸಂಭವವಿರುವುದರಿಂದ ಎಷ್ಟು ಮೊಲಗಳಿಗೆ, ಯಾವ ಪ್ರಮಾಣದಲ್ಲಿ ಔಷಧ ಕೊಡಬೇಕೆಂಬುದನ್ನು ಪಶುವೈದ್ಯರೇ ನಿರ್ಧರಿಸುತ್ತಾರೆ.

ಮಳೆಗಾಲದ ಇನ್ನೊಂದು ಭಯಾನಕ ತೊಂದರೆ ನೊಣದ ಹುಳು ಬೀಳುವುದು. ಭೇದಿಯಿಂದಲೋ ಮೂತ್ರದಿಂದಲೋ ಹಿಂಭಾಗದ ರೋಮ ಒದ್ದೆಯಾದ ಮೊಲದ ಮೇಲೆ ನೊಣ ಮೊಟ್ಟೆಯಿಟ್ಟರೆ ಒಂದು ದಿನದೊಳಗೆ ಹುಳುಗಳು ಹೊರಬಂದು ಜೀವಂತ ಮಾಂಸವನ್ನು ತಿನ್ನತೊಡಗುತ್ತವೆ. ಮೇಲಿನಿಂದ ನೋಡಿದರೆ ಏನೂ ಕಾಣುವುದಿಲ್ಲ. ಆದ್ದರಿಂದ ಮಳೆಗಾಲದಲ್ಲಿ ದಿನಕ್ಕೊಮ್ಮೆ ಪ್ರತಿ ಮೊಲದ ಬಾಲದ ಕೆಳಭಾಗವನ್ನು ಎತ್ತಿ ನೋಡತಕ್ಕದ್ದು. ದಪ್ಪಗಿನ, ವಯಸ್ಸಾದ ಮೊಲಗಳು ತಮ್ಮ ಹಿಂಭಾಗವನ್ನು ತಾವೇ ಶುಚಿಮಾಡಿಕೊಳ್ಳಲಾರವು. ಹುಳು ಕಂಡರೆ ಚಿಮಟಿಗೆಯಿಂದ ಕಾಣುವಷ್ಟನ್ನು ತೆಗೆದು ಅದೇ ದಿನ ಆಸ್ಪತ್ರೆಗೆ ಒಯ್ಯುವುದು. ಸೀಮೆಎಣ್ಣೆ, ಡೀಸೆಲ್, ಹೊಗೆಸೊಪ್ಪಿನ ನೀರು ಹಾಕಬಾರದು. ದನಗಳಿಗೆ ಈ ಪದ್ಧತಿ ಹಿಂದಿನಿಂದ ಇದ್ದರೂ ಮೊಲವು ತನ್ನ ಮೈಯನ್ನು ನೆಕ್ಕಿಕೊಳ್ಳುವ ಪ್ರಾಣಿಯಾದುದರಿಂದ ಹಚ್ಚಿದ್ದೆಲ್ಲವೂ ಹೊಟ್ಟೆಗೆ ಹೋಗುತ್ತದೆ.

ಸೀನು, ಸಿಂಬಳ, ಮುಂಗಾಲುಗಳ ಒಳಭಾಗದ ರೋಮ ಅಂಟಂಟಾಗಿರುವುದು (ಮೊಲವು ಮೂಗನ್ನು ಮುಂಗಾಲಿನಿಂದ ಒರೆಸಿಕೊಳ್ಳುತ್ತದೆ) ಪಾಶ್ಚುರೆಲ್ಲಾ ಮುಂತಾದ ರೋಗಾಣುಗಳ ಗುರುತು. ಗಾಳಿಯಾಡದ, ಮೂತ್ರದ ಘಾಟು ತುಂಬಿದ ಗೂಡಿನಲ್ಲಿ ಇದು ಬೇಗ ಹರಡುತ್ತದೆ. ಮಳೆಯ ಎರಚಲಿಗೆ ಹೆದರಿ ಗೂಡಿನ ನಾಲ್ಕೂ ಕಡೆ ಪ್ಲಾಸ್ಟಿಕ್ ತಾಡಪಾಲು ಬಿಗಿಯುವುದು ಇದಕ್ಕೆ ಮುಖ್ಯ ಕಾರಣ. ಗಾಳಿ ಬೀಸುವ ಬದಿಗೆ ಮಾತ್ರ ಮರೆ ಸಾಕು. ಕುತ್ತಿಗೆ ಒಂದು ಕಡೆಗೆ ತಿರುಚಿಕೊಂಡು ಮೊಲವು ಉರುಳತೊಡಗಿದರೆ ದೃಷ್ಟಿ ತಾಗಿತೆಂದು ದಿನ ಕಳೆಯದೆ ತೋರಿಸಬೇಕು. ಒಳಗಿವಿಯ ಸೋಂಕು ಅಥವಾ ನರಮಂಡಲದ ಸೋಂಕು ಇದಕ್ಕೆ ಸಾಮಾನ್ಯ ಕಾರಣವಾಗಿದ್ದು, ಬೇಗ ಆರಂಭಿಸಿದ ಚಿಕಿತ್ಸೆಯಿಂದ ಚೇತರಿಸಿಕೊಳ್ಳುವ ಮೊಲಗಳಿವೆ.

ಮೂಗಿನ ತುದಿ, ಕಾಲ್ಬೆರಳು, ಕಿವಿಯೊಳಗೆ ಹೊಪ್ಪಳೆಗಟ್ಟುವ ಕಜ್ಜಿ ಹಾಗೂ ಹುಳುಕಡ್ಡಿ ಮನುಷ್ಯರಿಗೂ ಅಂಟಬಹುದು. ಮನೆಯ ಮಕ್ಕಳ ಕೈ, ಕುತ್ತಿಗೆಯಲ್ಲಿ ತುರಿಕೆ ಅಥವಾ ದುಂಡು ಕಲೆ ಕಾಣಿಸಿಕೊಂಡರೆ ಮೊಲವನ್ನೂ ಮಗುವನ್ನೂ ಒಟ್ಟಿಗೆ ಚಿಕಿತ್ಸೆಗೆ ಒಳಪಡಿಸಬೇಕು. ಕಜ್ಜಿಯ ಹೊಪ್ಪಳೆಯನ್ನು ಕಿತ್ತರೆ ವಿಪರೀತ ನೋವು. ಔಷಧದಿಂದ ಅದು ತಾನಾಗಿ ಉದುರುತ್ತದೆ.

ಬೂಷ್ಟು ಹಿಡಿದ ಮೆಕ್ಕೆಜೋಳ, ಶೇಂಗಾ ಹಿಂಡಿಗಳಲ್ಲಿ ಯಕೃತ್ತನ್ನು ಹಾಳುಮಾಡುವ ವಿಷವಿರಬಹುದಾದುದರಿಂದ ಹಾಕಬಾರದು. ಮಳೆಗಾಲಕ್ಕೆಂದು ಕೂಡಿಟ್ಟ ಕರಡ, ಒಣಹುಲ್ಲು ತೇವ ತಾಗಿ ಕಪ್ಪಾಗಿದ್ದರೆ ಹಾಸಿಗೆಗೂ ಬಳಸುವುದು ಬೇಡ.

ಬೇಸಿಗೆ

ಮೊಲವು ಬೆವರುವುದಿಲ್ಲ, ತನ್ನ ಶಾಖವನ್ನು ಮುಖ್ಯವಾಗಿ ಕಿವಿಗಳ ಮೂಲಕ ಹೊರಹಾಕುತ್ತದೆ. 30 ಡಿಗ್ರಿ ಸೆಲ್ಸಿಯಸ್‌ಗಿಂತ ಹೆಚ್ಚಿನ ಶಾಖದಲ್ಲಿ ಅದಕ್ಕೆ ಕಷ್ಟ, 35 ಡಿಗ್ರಿ ದಾಟಿದರೆ ಪ್ರಾಣಾಪಾಯ. ತಗಡಿನ ಮಾಡಿನ ಕೆಳಗಿನ ಗೂಡು ಮಧ್ಯಾಹ್ನದ ಹೊತ್ತಿಗೆ ಒಲೆಯಂತಾಗಿರುತ್ತದೆ. ಬಾಯಿ ತೆರೆದು ಏದುಸಿರು ಬಿಡುವ, ನೆಲಕ್ಕೆ ಚಾಚಿಕೊಂಡು ಬಿದ್ದ, ಕಿವಿ ಸುಡುತ್ತಿರುವ ಮೊಲವನ್ನು ನೆರಳಿಗೆ ಒಯ್ದು ಕಿವಿಗಳನ್ನು ತಣ್ಣೀರಿನ ಬಟ್ಟೆಯಿಂದ ಒದ್ದೆಮಾಡುತ್ತ ಆಸ್ಪತ್ರೆಗೆ ಹೊರಡುವುದು. ಬಕೆಟ್ಟಿನಲ್ಲಿ ಮುಳುಗಿಸುವುದು, ಐಸ್ ನೀರು ಸುರಿಯುವುದು, ಬಾಯಿಗೆ ನೀರು ಹೊಯ್ಯುವುದು ಕೂಡದು. ಗೂಡಿನಲ್ಲಿ ಮಣ್ಣಿನ ಹೆಂಚು ಇರಿಸುವುದು, ನೀರು ಹೆಪ್ಪುಗಟ್ಟಿಸಿದ ಬಾಟಲಿಯನ್ನು ಬಟ್ಟೆ ಸುತ್ತಿ ಒಂದು ಮೂಲೆಯಲ್ಲಿ ಇಡುವುದು ಉಪಯುಕ್ತ.

ಇದೇ ತಿಂಗಳುಗಳಲ್ಲಿ ಹಸಿರು ಹುಲ್ಲು ಸಿಗದೆ ಕಾಡಿನ ಅಂಚಿನಿಂದ ಕೊಯ್ದು ತರುವವರು ಉಣ್ಣೆಗಳ ಬಗ್ಗೆ ಎಚ್ಚರ ವಹಿಸಬೇಕು. 1957ರಲ್ಲಿ ಶಿವಮೊಗ್ಗ ಜಿಲ್ಲೆಯಲ್ಲಿ ಪತ್ತೆಯಾದ ಮಂಗನ ಕಾಯಿಲೆ ಉತ್ತರ ಕನ್ನಡದ ಸಿದ್ದಾಪುರ ತಾಲ್ಲೂಕಿನಲ್ಲಿಯೂ ಜನರ ಪ್ರಾಣ ತೆಗೆದಿದೆ, ಅದು ಕಾಡಿನ ಉಣ್ಣೆಗಳಿಂದಲೇ ಹರಡುತ್ತದೆ. ಕಬ್ಬು, ಹತ್ತಿ, ಮೆಕ್ಕೆಜೋಳದ ಹೊಲಗಳ ಬದುವಿನ ಹುಲ್ಲನ್ನು ಕಳೆನಾಶಕ, ಕೀಟನಾಶಕ ಸಿಂಪಡಿಸಿಲ್ಲವೆಂದು ಹೊಲದವರನ್ನು ಕೇಳಿಯೇ ಕೊಯ್ಯುವುದು. ಲಂಟಾನ, ಕಣಗಿಲೆ, ಉಮ್ಮತ್ತಿ ಸೊಪ್ಪುಗಳು ಹುಲ್ಲಿನ ಕಟ್ಟಿನಲ್ಲಿ ಸೇರಿರಬಾರದು.

ಗಾಯಗಳು

ಗುಂಪಿನೊಳಗಿನ ಗಾಯಗಳಿಗೆ ಬಹುಪಾಲು ಕಾರಣ ಲೆಕ್ಕ ತಪ್ಪುವುದು. ಎರಡೂ ಹೆಣ್ಣೆಂದು ನಂಬಿ ತಂದ ಜೋಡಿಯಲ್ಲಿ ಒಂದು ಗಂಡಾಗಿರುತ್ತದೆ. ಗರ್ಭದ ಅವಧಿ 30ರಿಂದ 32 ದಿನ, ಒಂದು ಸೂಲಿಗೆ 4ರಿಂದ 8 ಮರಿ, ಮರಿ ಹಾಕಿದ ದಿನವೇ ಮತ್ತೆ ಗರ್ಭ ಧರಿಸುವ ಸಾಮರ್ಥ್ಯ. ದೀಪಾವಳಿಗೆ ಎರಡಿದ್ದ ಮೊಲಗಳು ಯುಗಾದಿಗೆ ಇಪ್ಪತ್ತು ದಾಟುವುದು ಆಶ್ಚರ್ಯವಲ್ಲ, ಗೂಡು ಮಾತ್ರ ಎರಡು ಮೊಲಗಳದ್ದೇ ಆಗಿರುತ್ತದೆ. ಪ್ರಾಯಕ್ಕೆ ಬಂದ ಗಂಡು ಮೊಲಗಳು ಪರಸ್ಪರ ವೃಷಣಗಳನ್ನೇ ಗುರಿಯಾಗಿಸಿ ಕಚ್ಚುತ್ತವೆ. ಆದುದರಿಂದ 3 ತಿಂಗಳು ತುಂಬುವ ಹೊತ್ತಿಗೆ ಪಶುವೈದ್ಯರಿಂದ ಲಿಂಗ ಗುರುತಿಸಿಕೊಂಡು ಗಂಡುಗಳನ್ನು ಬೇರ್ಪಡಿಸುವುದು ಅಥವಾ ಸಂತಾನಹರಣ ಶಸ್ತ್ರಚಿಕಿತ್ಸೆಯ ಬಗ್ಗೆ ವಿಚಾರಿಸುವುದು ಸೂಕ್ತ.

ಮೊಲದ ಚರ್ಮದ ಗಾಯ ಹೊರಗೆ ಚಿಕ್ಕದಾಗಿ ಮುಚ್ಚಿಕೊಂಡು ಒಳಗೆ ಕೀವುಗಟ್ಟುತ್ತದೆ. ಆ ಕೀವು ಗಟ್ಟಿ ಮೊಸರಿನಂತಿದ್ದು ಒತ್ತಿದರೆ ಹೊರಬರುವುದಿಲ್ಲ. ಮನೆಯಲ್ಲಿ ಮಾಡಬಹುದಾದುದು ಇಷ್ಟೇ: ಗಾಯದ ಸುತ್ತಲಿನ ರೋಮ ಕತ್ತರಿಸಿ, ಕುದಿಸಿ ಆರಿಸಿದ ಉಪ್ಪುನೀರಿನಿಂದ ತೊಳೆದು, ರಕ್ತ ಸುರಿಯುತ್ತಿದ್ದರೆ ಶುಭ್ರ ಬಟ್ಟೆಯಿಂದ ಐದು ನಿಮಿಷ ಒತ್ತಿ ಹಿಡಿಯುವುದು. ಅರಿಶಿನ, ಬೂದಿ, ಕಾಫಿಪುಡಿ ತುಂಬಿದರೆ ವೈದ್ಯರು ಮೊದಲು ಅದನ್ನೇ ತೆಗೆಯಬೇಕಾಗುತ್ತದೆ.

ನಾಯಿ, ಬೆಕ್ಕು ಕಚ್ಚಿದ ಮೊಲ ಮೇಲ್ನೋಟಕ್ಕೆ ಸರಿಯಾಗಿ ಕಂಡರೂ ತೋರಿಸತಕ್ಕದ್ದು. ಹಲ್ಲಿನ ಗುರುತು ಸೂಜಿಮೊನೆಯಷ್ಟಿದ್ದು ಒಳಗಿನ ಹಾನಿ ದೊಡ್ಡದಿರಬಹುದು, ಬೆದರಿಕೆಯ ಆಘಾತದಿಂದಲೇ ಕೆಲವು ಗಂಟೆಗಳ ನಂತರ ಮೊಲ ಸಾಯಬಹುದು. ಕಚ್ಚಿದ ನಾಯಿಯ ವಿವರವನ್ನು ಪಶುವೈದ್ಯರಿಗೆ ತಿಳಿಸುವುದು. ಬಿಡಿಸಲು ಹೋದವರಿಗೂ ಗಾಯವಾಗಿದ್ದರೆ ಸೋಪು ಮತ್ತು ಹರಿಯುವ ನೀರಿನಿಂದ 15 ನಿಮಿಷ ತೊಳೆದು, ವಿಳಂಬವಿಲ್ಲದೆ ಸರ್ಕಾರಿ ಆಸ್ಪತ್ರೆಯಲ್ಲಿ ರೇಬಿಸ್ ಲಸಿಕೆಯ ಬಗ್ಗೆ ಸಲಹೆ ಪಡೆಯತಕ್ಕದ್ದು. ಗೂಡಿಗೆ ಹೆಬ್ಬಾವು ಹೊಕ್ಕಿದ್ದರೆ ಅದನ್ನು ಕೊಲ್ಲದೆ 1926ಕ್ಕೆ ಕರೆ ಮಾಡುವುದು.

ಮೊಲದ ಎಲುಬು ಹಗುರ, ಹಿಂಗಾಲಿನ ಸ್ನಾಯು ಬಲಿಷ್ಠ. ತಪ್ಪಾಗಿ ಎತ್ತಿದಾಗ ಜಾಡಿಸಿ ಒದ್ದು ತನ್ನ ಬೆನ್ನೆಲುಬನ್ನು ತಾನೇ ಮುರಿದುಕೊಳ್ಳುತ್ತದೆ. ಇಂತಹ ಮೊಲಗಳ ಹಿಂಗಾಲು ಮತ್ತೆ ಬರುವುದು ಅಪರೂಪ. ಕಿವಿ ಹಿಡಿದು ಎತ್ತುವ ಪದ್ಧತಿಯನ್ನು ಸಂಪೂರ್ಣ ಕೈಬಿಡಬೇಕು. ಒಂದು ಕೈ ಎದೆಯ ಕೆಳಗೆ, ಇನ್ನೊಂದು ಕೈ ಹಿಂಭಾಗದ ಕೆಳಗೆ ಇರಿಸಿ ಮೈಗೆ ಅವಚಿಕೊಂಡು ಎತ್ತತಕ್ಕದ್ದು. ಚಿಕ್ಕ ಮಕ್ಕಳು ನೆಲದ ಮೇಲೆ ಕುಳಿತೇ ಮುಟ್ಟಲಿ. ಹೋಂಸ್ಟೇಗಳಲ್ಲಿ ಅತಿಥಿಗಳ ಮಕ್ಕಳಿಗಾಗಿ ಮೊಲ ಇರಿಸಿದ್ದಲ್ಲಿ ಈ ಮಾತು, ಹಾಗೂ ಬಿಸ್ಕತ್ತು, ಚಿಪ್ಸ್ ಹಾಕಬಾರದೆಂಬ ಮಾತು, ಗೂಡಿನ ಮುಂದೆ ಫಲಕದಲ್ಲಿ ಬರೆದಿರಬೇಕು.

ತಂತಿಜಾಲರಿಯ ತಳದ ಮೇಲೆಯೇ ನಿಂತ ಮೊಲಗಳ ಹಿಂಗಾಲಿನ ಅಡಿ ಹುಣ್ಣಾಗುತ್ತದೆ. ಒಂದು ಭಾಗಕ್ಕೆ ಹಲಗೆ ಹಾಸುವುದರಿಂದ ಇದನ್ನು ತಪ್ಪಿಸಬಹುದು.

ಕೊಡಬಾರದ ಔಷಧಗಳು

ಮನೆಯಲ್ಲಿ ಉಳಿದ ಅಮಾಕ್ಸಿಸಿಲಿನ್, ಆಂಪಿಸಿಲಿನ್ ಮಾತ್ರೆ ಅಥವಾ ಸಿರಪ್ಪನ್ನು ಮೊಲದ ಬಾಯಿಗೆ ಹಾಕಬಾರದು. ಮನುಷ್ಯರಿಗೆ, ನಾಯಿಗೆ ಗುಣ ನೀಡುವ ಈ ಔಷಧಗಳು ಮೊಲದ ಕರುಳಿನ ಉಪಯುಕ್ತ ಸೂಕ್ಷ್ಮಾಣುಗಳನ್ನು ಕೊಂದು, ವಿಷಕಾರಿ ಸೂಕ್ಷ್ಮಾಣುಗಳಿಗೆ ಎಡೆಮಾಡಿಕೊಟ್ಟು ಮಾರಕ ಭೇದಿಯನ್ನು ಉಂಟುಮಾಡಬಲ್ಲವು. ಲಿಂಕೋಮೈಸಿನ್, ಕ್ಲಿಂಡಾಮೈಸಿನ್‌ಗಳೂ ಇದೇ ಗುಂಪಿಗೆ ಸೇರಿದವು. ನಾಯಿಗಳ ಉಣ್ಣೆ, ಚಿಗಟಕ್ಕೆ ಬಳಸುವ ಫಿಪ್ರೊನಿಲ್ ಸಿಂಪಡಿಕೆಯನ್ನು ಮೊಲಕ್ಕೆ ಹಾಕಬಾರದು.

ಕಜ್ಜಿಗೆ ಐವರ್ಮೆಕ್ಟಿನ್ ಒಳ್ಳೆಯ ಔಷಧವೆಂಬುದು ನಿಜ. ಆದರೆ ದನಗಳಿಗೆ ತಂದಿಟ್ಟ ಬಾಟಲಿಯಿಂದ ಅಂದಾಜಿನ ಮೇಲೆ ಚುಚ್ಚುವುದು ಅಪಾಯ. ಅದರ ಶೇ. 1ರ ದ್ರಾವಣ 300 ಕೆ.ಜಿ. ತೂಕದ ಆಕಳಿಗೆ ಸುಮಾರು 6 ಮಿಲಿಲೀಟರ್ ಆಗುವಲ್ಲಿ, 2 ಕೆ.ಜಿ. ಮೊಲಕ್ಕೆ ಒಂದು ಮಿಲಿಲೀಟರಿನ ಹತ್ತನೇ ಒಂದು ಭಾಗಕ್ಕಿಂತಲೂ ಕಡಿಮೆ ಆಗುತ್ತದೆ. ಸಾಮಾನ್ಯ ಸಿರಿಂಜಿನಲ್ಲಿ ಕಣ್ಣಳತೆಯಿಂದ ಇಷ್ಟನ್ನು ಅಳೆಯಲಾಗದು.

ಆಸ್ಪತ್ರೆಗೆ ಬರುವಾಗ

ಗುಂಪಿನ ಮೊಲಗಳಿಗೆ ಒಂದು ನೋಟ್‌ಬುಕ್ ಇರಿಸುವುದು ಯಾವ ಔಷಧಕ್ಕೂ ಕಡಿಮೆಯಿಲ್ಲ. ಪ್ರತಿ ಮೊಲಕ್ಕೆ ಒಂದು ಪುಟ; ಗುರುತು, ಲಿಂಗ, ತಂದ ಅಥವಾ ಹುಟ್ಟಿದ ದಿನಾಂಕ, ವಾರಕ್ಕೊಮ್ಮೆ ತೂಕ. ತರಕಾರಿ ತೂಗುವ ತಕ್ಕಡಿ ಸಾಕು. ತೂಕದಲ್ಲಿ ಹತ್ತರಲ್ಲಿ ಒಂದು ಪಾಲು ಇಳಿದರೆ, ಅಂದರೆ 2 ಕೆ.ಜಿ. ಮೊಲ 1 ಕೆ.ಜಿ. 800 ಗ್ರಾಂ ಆದರೆ, ಬೇರಾವ ಲಕ್ಷಣ ಇಲ್ಲದಿದ್ದರೂ ತೋರಿಸಬೇಕು. ದಟ್ಟ ರೋಮದ ಕಾರಣ ಈ 200 ಗ್ರಾಂ ಕಣ್ಣಿಗೆ ಕಾಣುವುದಿಲ್ಲ, ಪುಸ್ತಕದಲ್ಲಿ ಮಾತ್ರ ಕಾಣುತ್ತದೆ. ಪಶುವೈದ್ಯಾಧಿಕಾರಿಗಳು ಕೇಳುವ ಮೊದಲ ಪ್ರಶ್ನೆಗಳು ಎಂದಿನಿಂದ, ಎಷ್ಟು ಮೊಲಗಳಿಗೆ, ಏನು ತಿಂದಿತ್ತು, ಯಾವ ಔಷಧ ಕೊಟ್ಟಿದ್ದೀರಿ ಎಂಬುವಾಗಿರುತ್ತವೆ. ಮನೆಯಲ್ಲಿ ಏನಾದರೂ ಕೊಟ್ಟಿದ್ದಲ್ಲಿ ಸಂಕೋಚವಿಲ್ಲದೆ ಹೇಳತಕ್ಕದ್ದು. ಮುಚ್ಚಿಟ್ಟರೆ ಚಿಕಿತ್ಸೆ ತಪ್ಪುತ್ತದೆ.

ಗಾಳಿಯಾಡುವ ರಟ್ಟಿನ ಪೆಟ್ಟಿಗೆ ಅಥವಾ ಬುಟ್ಟಿಯಲ್ಲಿ ಹುಲ್ಲು ಹಾಸಿ, ಮೇಲೆ ಬಟ್ಟೆ ಮುಚ್ಚಿ ತರುವುದು. ಪ್ರಯಾಣದಲ್ಲಿ ಮೇವು ಇರಲಿ. ಉಪವಾಸವಿರಿಸಿ ತರುವುದು ಬೇಡ, ಶಸ್ತ್ರಚಿಕಿತ್ಸೆಗೂ ಮೊಲವನ್ನು ನಾಯಿಯಂತೆ ಉಪವಾಸ ಕೆಡಹುವುದಿಲ್ಲ. ಆ ದಿನದ ಹಿಕ್ಕೆಯನ್ನು ಚಿಕ್ಕ ಡಬ್ಬಿಯಲ್ಲಿ, ಹಾಕುತ್ತಿದ್ದ ಮೇವನ್ನು ಒಂದು ಹಿಡಿಯಷ್ಟು ತರುವುದು. ಬಸ್ಸಿಗಾಗಿ ಗಂಟೆಗಟ್ಟಲೆ ಕಾಯಬೇಕಾದ ಜೋಯಿಡಾದ ಒಳಗ್ರಾಮಗಳವರು ಹೊರಡುವ ಮುನ್ನ ಪಶುವೈದ್ಯಾಧಿಕಾರಿಗಳು ಕೇಂದ್ರಸ್ಥಾನದಲ್ಲಿ ಇರುವರೇ ಎಂದು ದೂರವಾಣಿಯಲ್ಲಿ ವಿಚಾರಿಸಿಕೊಳ್ಳುವುದು ಉತ್ತಮ. ಸಂಚಾರಿ ಪಶು ಚಿಕಿತ್ಸಾ ವಾಹನದ ಉಚಿತ ಕರೆ ಸಂಖ್ಯೆ 1962. ಕರೆ ಮಾಡಿದಾಗ ಪ್ರಾಣಿಯು ಮೊಲವೆಂದು ಮೊದಲೇ ತಿಳಿಸಿ, ವಾಹನಕ್ಕೆ ಕಾಯುವುದೋ ಪ್ರಾಣಿಯನ್ನೇ ಆಸ್ಪತ್ರೆಗೆ ಒಯ್ಯುವುದೋ ಎಂಬುದನ್ನು ಕೇಳಿಕೊಳ್ಳತಕ್ಕದ್ದು. ಎಕ್ಸ್-ರೇ, ಹಲ್ಲಿನ ಶಸ್ತ್ರಚಿಕಿತ್ಸೆಗಳಂತಹ ಅಗತ್ಯ ಕಂಡುಬಂದಲ್ಲಿ ಪಶುವೈದ್ಯರು ಮುಂದಿನ ಕೇಂದ್ರಕ್ಕೆ ಶಿಫಾರಸು ಮಾಡುತ್ತಾರೆ. ಗದಗ ಮತ್ತು ಶಿವಮೊಗ್ಗಗಳಲ್ಲಿ ಪಶುವೈದ್ಯಕೀಯ ಮಹಾವಿದ್ಯಾಲಯಗಳಿವೆ. ದನಗಳಿಗೆ ಕಾಲುಬಾಯಿ ಜ್ವರದ ಲಸಿಕೆ ಇರುವಂತೆ ಮೊಲಗಳಿಗೆ ಮನೆಮನೆಯ ಲಸಿಕಾ ಕಾರ್ಯಕ್ರಮ ಇರುವುದಿಲ್ಲ.

ಗುಣವಾಗದ ನೋವಿನಲ್ಲಿರುವ ಮೊಲವನ್ನು ಮನೆಯಲ್ಲಿ ಕೊಲ್ಲುವುದಾಗಲಿ, ಕಾಡಿಗೆ ಬಿಟ್ಟುಬರುವುದಾಗಲಿ ಕೂಡದು. ಸಾಕಿದ ಪ್ರಾಣಿಯನ್ನು ಹಸಿವೆಗೆ ಗುರಿಯಾಗುವಂತೆ ತೊರೆಯುವುದು 1960ರ ಪ್ರಾಣಿಗಳ ಮೇಲಿನ ಕ್ರೌರ್ಯ ತಡೆ ಅಧಿನಿಯಮದಂತೆ ಅಪರಾಧ. ನೋವಿಲ್ಲದಂತೆ ಕೊನೆಗಾಣಿಸುವ ನಿರ್ಧಾರವನ್ನು ಪಶುವೈದ್ಯರೊಂದಿಗೆ ಮಾತನಾಡಿ ಕೈಗೊಳ್ಳಬೇಕು.

ಮೊಲ ಸತ್ತಾಗ

ಒಂದು ವಾರದೊಳಗೆ ಎರಡು ಅಥವಾ ಹೆಚ್ಚು ಮೊಲಗಳು ಕಾರಣ ತಿಳಿಯದೆ ಸತ್ತರೆ ಹೂಳುವ ಮೊದಲು ಪಶು ಆಸ್ಪತ್ರೆಗೆ ತಿಳಿಸುವುದು. ಉಳಿದ ಮೊಲಗಳನ್ನು ಉಳಿಸುವ ಮಾಹಿತಿ ಸತ್ತ ಮೊಲದ ಶವಪರೀಕ್ಷೆಯಿಂದ ದೊರೆಯಬಹುದು. ಕಳೇಬರವನ್ನು ಎರಡು ಪ್ಲಾಸ್ಟಿಕ್ ಚೀಲಗಳಲ್ಲಿ ಕಟ್ಟಿ, ಸುತ್ತ ಐಸ್ ತುಂಡು ಇರಿಸಿ, ಸಾಧ್ಯವಾದಷ್ಟು ಬೇಗ, ಅದೇ ದಿನ ತಲುಪಿಸತಕ್ಕದ್ದು. ಫ್ರೀಜರಿನಲ್ಲಿ ಹೆಪ್ಪುಗಟ್ಟಿಸಿದರೆ ಅಂಗಾಂಶಗಳು ಹಾಳಾಗಿ ಪರೀಕ್ಷೆ ಕಷ್ಟವಾಗುತ್ತದೆ. ಪರೀಕ್ಷೆ ಬೇಡವೆಂದಾದಲ್ಲಿ ಬಾವಿ, ಹಳ್ಳ, ನದಿಗಳಿಂದ ದೂರದಲ್ಲಿ ನಾಯಿ ಕೆದಕಲಾಗದಷ್ಟು ಆಳದ ಗುಂಡಿ ತೋಡಿ, ಸುಣ್ಣ ಹಾಕಿ ಹೂಳುವುದು. ಕಾಳಿ ನದಿಗೂ ಅದಕ್ಕೆ ಸೇರುವ ಹಳ್ಳಗಳಿಗೂ ಎಸೆಯಬಾರದು. ಸತ್ತ ಮೊಲದ ಗೂಡನ್ನು ಕುದಿಯುವ ನೀರಿನಿಂದ ತೊಳೆದು ಒಣಗಿಸಿ, ಉಳಿದ ಮೊಲಗಳ ಮೇವು, ಹಿಕ್ಕೆ, ತೂಕಗಳನ್ನು 2 ವಾರಗಳ ಕಾಲ ದಿನವೂ ನೋಟ್‌ಬುಕ್ಕಿನಲ್ಲಿ ಬರೆಯುವುದು. ಈ ಅವಧಿಯಲ್ಲಿ ಗುಂಪಿನಿಂದ ಯಾವುದೇ ಮೊಲವನ್ನು ಬೇರೆಯವರಿಗೆ ಕೊಡಬಾರದು, ಹೊಸದನ್ನು ತರಬಾರದು.